ಸೀನರಿ ಲಾರಿ ಎಂಬ ಕಾಲೇಜು

ಭೀಮನ ಗದೆ ದುರ್ಯೋಧನನ ತೊಡೆಗೆ ತಾಗುವ ಮೊದಲೇ ಸದ್ದು ಬಂದರೆ ಜನ ನಗುತ್ತಾರೆ. ತಾಗಿ ಅರೆಕ್ಷಣ ಕಳೆದ ಮೇಲೆ ಬಂದರೆ ಇನ್ನೂ ಜೋರಾಗಿ ನಗುತ್ತಾರೆ. ಗದೆಯಲ್ಲಂತೂ ತೂಕವೇ ಇಲ್ಲ, ಅದು ತಾನಾಗಿ ಸದ್ದು ಮಾಡುವ ಪೈಕಿಯಲ್ಲ. ಹಾಗಿದ್ದರೆ ತೂಕಡಿಸುತ್ತಿದ್ದ ಮುದುಕರನ್ನೂ ಬೆಚ್ಚಿ ಕೂರಿಸಿದ ಆ ‘ಧಡ್’ ಬಂದದ್ದೆಲ್ಲಿಂದ? ರಂಗದ ಮಗ್ಗುಲಲ್ಲಿ, ರಿದಂ ಪ್ಯಾಡಿನ ಮೇಲೆ ಕಡ್ಡಿ ಎತ್ತಿ ಹಿಡಿದು ಭೀಮನ ಭುಜವನ್ನೇ ನೋಡುತ್ತಾ ಕೂತಿದ್ದವನ ಮಣಿಕಟ್ಟಿನಿಂದ! ಗದೆಯನ್ನಲ್ಲ, ಭುಜವನ್ನು. ಗದೆ ನೋಡುತ್ತಾ ಕೂತರೆ ತಡವಾಗುತ್ತದೆ, ಭುಜ ಮೊದಲೇ ಹೇಳಿಬಿಡುತ್ತದೆ. ಅದೇ ಹೊತ್ತಿಗೆ ಕೆಂಪು ದೀಪ ಏರಿಸಿದ ಕೈ ಇನ್ನೊಬ್ಬನದು. ದುರ್ಯೋಧನ ನೆಲಕ್ಕೆ ಬಿದ್ದೊಡನೆ ಪರದೆ ಇಳಿಸಲು ಹಗ್ಗ ಹಿಡಿದು ನಿಂತವನು ಮತ್ತೊಬ್ಬ, ಮೀಸೆ ಚಿಗುರದ ಹುಡುಗ. ಈ ಮೂವರಲ್ಲಿ ಯಾರೂ ಒಂದು ಮಾತಾಡಲಿಲ್ಲ. ಎದುರಿಗೆ ಕೂತ ಊರಿಗೆ ಊರೇ ಮಾತ್ರ ‘ಅಯ್ಯೋ’ ಎಂದಿತು.

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಸೀಮೆ ಇದು. ಕಣ್ಣು ಹಾಯಿಸಿದತ್ತ ಹಿಪ್ಪುನೇರಳೆ, ನಡುನಡುವೆ ದ್ರಾಕ್ಷಿ ಚಪ್ಪರ, ಮನೆ ಪಕ್ಕಕ್ಕೊಂದು ರೇಷ್ಮೆಹುಳುವಿನ ಮನೆ. ಇಲ್ಲಿ ಪೌರಾಣಿಕ ನಾಟಕದ ದಿನ ಗೊತ್ತು ಮಾಡುವಾಗ ಪಂಚಾಂಗ ಒಂದನ್ನೇ ನೋಡಿದರೆ ಸಾಲದು. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಸೊಪ್ಪಿಗೆ ಬಿದ್ದಿರುವ ಮನೆಯ ಅರ್ಜುನ ತಾಲೀಮಿಗೆ ಬರುವುದಿಲ್ಲ. ಹರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ಎಷ್ಟು ಕೂಗಿದರೂ ಅಷ್ಟೇ. ಕನ್ನಡದ ಮಾತಿನ ನಡುವೆ ತೆಲುಗು ಪದ್ಯವೊಂದು ನುಸುಳಿದರೆ ಈ ಗಡಿಸೀಮೆಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇದಕ್ಕೂ ಹಿಂದೆ ಇಲ್ಲಿದ್ದದ್ದು ಕೇಳಿಕೆ: ಬಯಲಲ್ಲಿ ರಾತ್ರಿಯಿಡೀ ಕುಣಿತ, ಕಿರೀಟ, ಭಾಗವತರು. ಕುರುಕ್ಷೇತ್ರ ನೋಡುತ್ತಲೇ ಬೆಳೆದ ನಾನು ಅಷ್ಟೂ ವರ್ಷ ಕೂತದ್ದು ಪರದೆಯ ತಪ್ಪು ಮಗ್ಗುಲಲ್ಲಿ ಎಂಬುದು ಹಿಂದೆ ಹೋಗಿ ಕೂತ ರಾತ್ರಿಯೇ ತಿಳಿದದ್ದು!

ಎಲ್ಲ ಶುರುವಾಗುವುದು ಮಧ್ಯಾಹ್ನ, ಸೀನರಿ ಲಾರಿ ಬಂದಾಗ. ಡ್ರಮ್ಮು, ಹಲಗೆ, ಕಂಬ, ಸುತ್ತಿಟ್ಟ ಪರದೆಗಳು, ದರ್ಬಾರಿನ ಕುರ್ಚಿ, ಕೇಬಲ್ಲಿನ ಸುರುಳಿ, ದೀಪದ ಪೆಟ್ಟಿಗೆ. ಹೊಸದಾಗಿ ಸೇರಿದ ಹುಡುಗನ ಮೊದಲ ಪಾಠ ಲಾರಿ ತುಂಬುವುದೇ. ಇಳಿಸುವಾಗ ಮೊದಲು ಬೇಕಾದದ್ದು ತುಂಬುವಾಗ ಕೊನೆಗೆ ಹೋಗಬೇಕು. ಅಂದರೆ ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ತುಂಬುವವನ ತಲೆಯಲ್ಲಿ ನಾಳೆ ಮಧ್ಯಾಹ್ನದ ರಂಗ ಕಟ್ಟುವ ಕೆಲಸ ಹಿಂದುಮುಂದಾಗಿ ಓಡುತ್ತಿರಬೇಕು. ಇದನ್ನು ಯಾರೂ ಬರೆದುಕೊಟ್ಟಿಲ್ಲ. ಹಲಗೆ ಮೊದಲು ತುಂಬಿ ಕಂಬ ಆಮೇಲೆ ತುಂಬಿದವನಿಗೆ ಮಾರನೇ ದಿನ ಬೀಳುವ ಬೈಗುಳವೇ ಪಠ್ಯಪುಸ್ತಕ.

ಆಮೇಲೆ ಹಗ್ಗ. ಅಬ್ಬಾ, ಹಗ್ಗ! ರಂಗದ ಮೇಲೆ ಅರಮನೆ ಎದ್ದು ಕಾಡು ಇಳಿಯುವುದನ್ನು ನೋಡಿದಾಗಲೆಲ್ಲ ಮೇಲೆ ಯಾವುದೋ ಯಂತ್ರ ಇರಬೇಕೆಂದು ನಂಬಿದ್ದೆ. ಇರುವುದು ಇಷ್ಟೇ. ಪರದೆಯ ಮೇಲಂಚನ್ನು ಅಡ್ಡಗಳಕ್ಕೆ ಕಟ್ಟಿಬಿಟ್ಟಿರುತ್ತಾರೆ. ಕೆಳಗಂಚಿಗೆ ಒಂದು ದುಂಡನೆಯ ಉದ್ದ ಗಳ. ಆ ಗಳದ ಎರಡು ತುದಿಗೂ ಹಗ್ಗ ಸುತ್ತಿ, ಮೇಲಿನ ರಾಟೆಯ ಮೂಲಕ ಪಕ್ಕಕ್ಕೆ ಎಳೆದು ತಂದಿರುತ್ತಾರೆ. ಹಗ್ಗ ಎಳೆದರೆ ಗಳದ ತುದಿಯಲ್ಲಿ ಸುತ್ತಿದ ಹಗ್ಗ ಬಿಚ್ಚಿಕೊಳ್ಳುತ್ತದೆ, ಗಳ ಉರುಳುತ್ತದೆ, ಉರುಳುತ್ತಾ ಪರದೆಯನ್ನು ತನ್ನ ಮೈಗೆ ಸುತ್ತಿಕೊಳ್ಳುತ್ತಾ ತಾನೇ ಮೇಲೇರುತ್ತದೆ! ಎರಡು ಮಾರು ಹಗ್ಗ ಎಳೆದರೆ ಪರದೆ ಒಂದು ಮಾರು ಏರುತ್ತದೆ. ಬದಲಿಗೆ ಎಳೆಯುವ ಕೈಗೆ ಬೀಳುವುದು ಅರ್ಧ ಭಾರ ಮಾತ್ರ, ಉಳಿದರ್ಧವನ್ನು ಬಟ್ಟೆಯೇ ಹೊತ್ತುಕೊಳ್ಳುತ್ತದೆ. ಭೌತಶಾಸ್ತ್ರದ ಮೇಷ್ಟರು ಚಲಿಸುವ ರಾಟೆ ಎಂದು ಕಪ್ಪುಹಲಗೆಯ ಮೇಲೆ ಬರೆದು ಕಲಿಸುವ ಲೆಕ್ಕ ಇದೇ. ಅಲ್ಲಿ ಅದು ಎರಡು ಅಂಕದ ಪ್ರಶ್ನೆ, ಇಲ್ಲಿ ಅದರ ಮೇಲೆ ಇಡೀ ಹಸ್ತಿನಾಪುರ ಉರುಳುತ್ತದೆ. ಎರಡೂ ತುದಿಯ ಹಗ್ಗ ಸಮವಾಗಿ ಬರದಿದ್ದರೆ ಅರಮನೆ ವಾಲುತ್ತದೆ. ಎಳೆದಾದ ಮೇಲೆ ಹಾಕುವುದು ಜೀರುಗಂಟು. ಬಿಗಿಯಾಗಿ ನಿಲ್ಲಬೇಕು, ಕತ್ತಲಲ್ಲಿ ಒಂದೇ ಎಳೆತಕ್ಕೆ ಬಿಚ್ಚಬೇಕು. ಹುಡುಗ ಅದನ್ನು ಕಲಿತದ್ದು ಕಣ್ಣು ಮುಚ್ಚಿಕೊಂಡಂತೆ. ಬೆನ್ನಹಿಂದೆ ಕೈ ಇಟ್ಟು ಗಂಟು ಹಾಕು ಎಂದು ಲಾರಿಯ ಮಾಲೀಕರು ಹೇಳುತ್ತಿದ್ದರಂತೆ.

ಹಗ್ಗದ ಮಾತು ಬಂದರೆ ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ನೆನಪಾಗದೆ ಇರದು. ರಸ, ಭಾವ, ಅಭಿನಯಗಳಿಗೆ ಹೆಸರಾದ ಆ ಗ್ರಂಥ ಮೊದಲು ಮಾತಾಡುವುದು ಕಟ್ಟಡದ ಬಗ್ಗೆ. ನಾಟ್ಯಮಂಡಪದ ಅಳತೆಗೆ ಹಿಡಿಯುವ ದಾರ ತುಂಡಾಗದಂಥದ್ದಾಗಿರಬೇಕು. ಹತ್ತಿಯದೋ ಮುಂಜ ಹುಲ್ಲಿನದೋ ನಾರಿನದೋ ಗಟ್ಟಿ ದಾರವೇ ಆಗಬೇಕು. ಅಳೆಯುವಾಗ ಅದು ನಡುವೆ ಹರಿದರೆ ಯಜಮಾನನಿಗೆ ಸಾವು. ಮೂರನೇ ಒಂದು ಭಾಗದಲ್ಲಿ ಹರಿದರೆ ರಾಜ್ಯಕ್ಕೆ ಕೇಡು. ಕಾಲು ಭಾಗದಲ್ಲಿ ಹರಿದರೆ ಪ್ರಯೋಗ ಮಾಡಿಸುವವನಿಗೆ ನಾಶ! ಇದು ಮೂಢನಂಬಿಕೆ ಎನ್ನುವವರು ಎನ್ನಲಿ, ನನಗಂತೂ ಇದು ಸುಮಾರು ಎರಡು ಸಾವಿರ ವರ್ಷ ಹಳೆಯ ಸುರಕ್ಷತಾ ನಿಯಮದಂತೆ ಕಂಡಿತು. ಹಳೆಯ ಹಗ್ಗ ತರಬೇಡ ಎಂದರೆ ಯಾರು ಕೇಳುತ್ತಾರೆ? ತಂದರೆ ಸಾಯುತ್ತೀಯ ಎಂದರೆ ಕೇಳುತ್ತಾರೆ. ಅದೇ ಅಧ್ಯಾಯ ಮಂಡಪ ಬೆಟ್ಟದ ಗುಹೆಯಂತಿರಲಿ, ಕಿಟಕಿ ಕಡಿಮೆಯಿರಲಿ, ಗಾಳಿ ಬೀಸದಿರಲಿ, ಆಗ ದನಿ ಗಂಭೀರವಾಗಿ ನಿಲ್ಲುತ್ತದೆ ಎನ್ನುತ್ತದೆ. ಹೆಚ್ಚು ದೊಡ್ಡದು ಕಟ್ಟಬೇಡಿ, ಮಾತು ಕೇಳಿಸದು, ನಟನ ಮುಖದ ಭಾವ ಕಾಣಿಸದು ಎಂದೂ ಎಚ್ಚರಿಸುತ್ತದೆ. ಬರೆದವರು ಹಿಂದಿನ ಸಾಲಿನಲ್ಲಿ ಕೂತು ನೋಡಿದವರೇ ಇರಬೇಕು.

ಸೀನರಿ ಲಾರಿಯ ವಂಶಾವಳಿ ಹಿಡಿದು ಹೊರಟರೆ ಸಿಗುವುದು ಕಂಪನಿ ನಾಟಕಗಳು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಚನ್ನಬಸವೇಶ್ವರ ನಾಟಕ ಕಂಪನಿಯಂತೂ 1930ರ ದಶಕದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆನೆ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ಆನೆ ನಿಂತ ಹಲಗೆಯ ಕೆಳಗೆ ಯಾರು ಏನು ಕೊಟ್ಟಿದ್ದರು ಎಂದು ಕೇಳಿದವರನ್ನು ನಾನು ಕಂಡಿಲ್ಲ! ಗಡಿಯಾಚೆಯ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ 1885ರಲ್ಲಿ ಒಂದು ಕುಟುಂಬ ‘ಕೀಚಕವಧೆ’ ಆಡಿತು. ಆ ಊರಿನ ಹೆಸರೇ ಕುಟುಂಬದ ಹೆಸರಾಗಿ, ತಲೆಮಾರುಗಳ ನಂತರವೂ ಸುರಭಿ ನಾಟಕ ಮಂಡಳಿಗಳು ತೆಲುಗು ನಾಡಿನಲ್ಲಿ ಆಡುತ್ತಿವೆ. ನಾರದ ಮೋಡದಿಂದ ಇಳಿಯುತ್ತಾನೆ. ಎರಡು ಬಾಣಗಳು ಗಾಳಿಯಲ್ಲಿ ಎದುರಾಗಿ ಕಿಡಿ ಹಾರಿಸುತ್ತವೆ. ಕಣ್ಣೆದುರೇ ಮಾಯಾಬಜಾರು ಏಳುತ್ತದೆ. ಅಲ್ಲಿ ಹುಟ್ಟುವ ಮಗುವಿಗೆ ತರಬೇತಿ ಎಂದು ಬೇರೆ ಏನೂ ಇಲ್ಲ. ತೊಟ್ಟಿಲು ಕಟ್ಟುವ ಹಗ್ಗವೂ ನಾರದನನ್ನು ಇಳಿಸುವ ಹಗ್ಗವೂ ಒಂದೇ ಮನೆಯವು.

ಕನ್ನಡದ ಕಂಪನಿಗಳಲ್ಲೂ ಹಾಗೆಯೇ. ಜಿ.ವಿ. ಅಯ್ಯರ್ ಎಂಟು ವರ್ಷದ ಹುಡುಗನಾಗಿ ಗುಬ್ಬಿ ಕಂಪನಿ ಸೇರಿದರು. ಮುಂದೆ 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ ಮಾಡಿದವರು ಅವರೇ. ಮನೆ ಬಿಟ್ಟು ಓಡಿ ಅದೇ ಕಂಪನಿ ಸೇರಿದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಕಂಪನಿಯ ಹುಡುಗನೆಂದರೆ ಪಾತ್ರವೂ ಮಾಡಬೇಕು, ಪೆಟ್ಟಿಗೆಯೂ ಹೊರಬೇಕು. ಶಾಲೆಯಲ್ಲಿ ಕಲಿತು ರಂಗಕ್ಕೆ ಬಂದವರನ್ನು ನಾವು ಲೆಕ್ಕವಿಟ್ಟಿದ್ದೇವೆ. ರಂಗವೇ ಶಾಲೆಯಾದವರ ಹಾಜರಿ ಪುಸ್ತಕ ಎಲ್ಲೂ ಇಲ್ಲ. ಕನ್ನಡ ರಂಗಭೂಮಿಯ ಅತಿ ಹಳೆಯ ತಾಂತ್ರಿಕ ಕಾಲೇಜು ಯಾವುದೆಂದು ಯಾರಾದರೂ ಕೇಳಿದರೆ ನಾನು ಯಾವ ಕಟ್ಟಡದತ್ತಲೂ ಬೆರಳು ತೋರಿಸುವುದಿಲ್ಲ, ಕಂಪನಿಗಳು ಮುಚ್ಚಿದ ಮೇಲೂ ಹಳ್ಳಿಯಿಂದ ಹಳ್ಳಿಗೆ ಓಡುತ್ತಿರುವ ಈ ಲಾರಿಯನ್ನು ತೋರಿಸುತ್ತೇನೆ.

ಸಂಜೆಯಾಯಿತು. ಈಗ ದೀಪ.

ಈ ಸೀಮೆಯ ಹಿರಿಯರಿಗೆ ನಾಟಕದ ಬೆಳಕು ಎಂದರೆ ಗ್ಯಾಸ್‌ಲೈಟು. ಪೆಟ್ರೋಮ್ಯಾಕ್ಸಿನ ಒಳಗೆ ಕಟ್ಟುವ ಆ ಪುಟ್ಟ ಬಟ್ಟೆಯ ಚೀಲ, ಮ್ಯಾಂಟಲ್, ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟುಹೋಗುತ್ತದೆ. ಉಳಿಯುವುದು ಬೂದಿಯ ಅಸ್ಥಿಪಂಜರ, ಉರಿದು ಬೆಳ್ಳಗೆ ಬೆಳಗುವುದು ಅದೇ! ಬಟ್ಟೆಗೆ ಊಡಿಸಿದ ಥೋರಿಯಂ ಲವಣ ಬೂದಿಯಾಗಿ ನಿಂತು ಕೊಡುವ ಬೆಳಕು ಅದು. ಅದಕ್ಕೆ ಬೇಕಾದ ಮೊನಜೈಟ್ ಮರಳು ತಿರುವಾಂಕೂರಿನ ಕಡಲತೀರದಲ್ಲಿ ರಾಶಿಯಾಗಿ ಸಿಕ್ಕಿತು. 20ನೇ ಶತಮಾನದ ಆರಂಭದಲ್ಲಿ ಯೂರೋಪಿನ ಬೀದಿದೀಪಗಳ ಮ್ಯಾಂಟಲ್ಲಿಗೂ ಹೋದದ್ದು ಆ ಮರಳು. ವಿದ್ಯುತ್ತಿನ ಕಥೆಯೂ ನಮ್ಮ ಹತ್ತಿರದ್ದೇ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಓಡಿ ಕೋಲಾರ ಜಿಲ್ಲೆಯ ಕೆಜಿಎಫ್‌ನ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಮೇಲೂರು ಆಗ ಕೋಲಾರ ಜಿಲ್ಲೆಯದೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನೆಲದಡಿಯ ಗಣಿಗೆ ಬೆಳಕು ಮೊದಲು, ನೆಲದ ಮೇಲಿನ ಹಳ್ಳಿಗಳಿಗೆ ಎಷ್ಟೋ ಕಾಲದ ನಂತರ.

ದೀಪ ಹೊತ್ತಿಸುವುದು ಯಾರಿಗಾದರೂ ಬರುತ್ತದೆ. ಮೆಲ್ಲಗೆ ಇಳಿಸುವುದು ಹೇಗೆ? ಇದನ್ನು ತಿಳಿದಾಗ ನಾನು ಕೂತಲ್ಲೇ ಎದ್ದು ನಿಂತೆ. ವಿದ್ಯುದ್ದೀಪದ ಮೊದಲ ದಶಕಗಳಲ್ಲಿ ದೇಶವಿದೇಶದ ರಂಗಮಂದಿರಗಳು ಉಪ್ಪುನೀರಿನಿಂದ ದೀಪ ಇಳಿಸುತ್ತಿದ್ದವು! ಪಿಂಗಾಣಿ ಪಾತ್ರೆಯಲ್ಲಿ ಉಪ್ಪು ಕರಗಿಸಿದ ನೀರು, ತಳದಲ್ಲಿ ಒಂದು ಲೋಹದ ತಟ್ಟೆ, ಮೇಲಿಂದ ಇಳಿಬಿಟ್ಟ ಇನ್ನೊಂದು ತಟ್ಟೆ. ದೀಪಕ್ಕೆ ಹೋಗುವ ಕರೆಂಟು ಈ ನೀರನ್ನು ಹಾದು ಹೋಗಬೇಕು. ತಟ್ಟೆಗಳು ಹತ್ತಿರವಾದರೆ ಬೆಳಗು, ಮೇಲಿನದನ್ನು ಎತ್ತುತ್ತಾ ಹೋದರೆ ಮುಸ್ಸಂಜೆ, ನೀರಿನಿಂದ ಹೊರಗೆ ಬಂದರೆ ಅಮಾವಾಸ್ಯೆ. ಪ್ರೇಮಿಗಳ ಅಗಲಿಕೆಗೆ ರಂಗ ಕಂದುತ್ತಾ ಹೋಗುವಾಗ ಪರದೆಯ ಹಿಂದೆ ಪಾತ್ರೆಯ ನೀರು ಕಾದು ಹಬೆಯಾಡುತ್ತಿರುತ್ತಿತ್ತು. ಕೈ ತಪ್ಪಿದರೆ ಸಾವು. ಯಾರೂ ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ. ಜನರಿಗೆ ಆ ಕಾಲದಲ್ಲಿ ವಿದ್ಯುತ್ತಿನ ಭಯ ಎಷ್ಟಿತ್ತೆಂದರೆ, 1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿಗೆ ಸುಮಾರು 1200 ದೀಪ ಹಾಕಿಸಿದ ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ತಾನೇ ರಂಗಕ್ಕೆ ಬಂದು, ಉರಿಯುವ ಬಲ್ಬಿಗೆ ತೆಳುಬಟ್ಟೆ ಸುತ್ತಿ ಒಡೆದು, ನೋಡಿ ಬಟ್ಟೆ ಸುಡಲಿಲ್ಲ ಎಂದು ತೋರಿಸಬೇಕಾಯಿತು.

ಇನ್ನೊಂದು ದೀಪವಿದೆ, ಅಂಚು ಮಸುಕಾದ ಮೆದು ಬೆಳಕು ಬೀರುವುದು, ಗಾಜಿನ ಮೇಲೆ ಉಂಗುರ ಉಂಗುರವಾಗಿ ಗೀರುಗಳಿರುವುದು. ರಂಗಮಂದಿರಗಳಲ್ಲಿ ಅದಕ್ಕೆ ಫ್ರೆನೆಲ್ ಎನ್ನುತ್ತಾರೆ. ಅದು ಮನುಷ್ಯನ ಹೆಸರು! ಅಗಸ್ಟಿನ್ ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿ ಆ ಮಸೂರವನ್ನು ಮಾಡಿದ್ದು ಹಡಗುಗಳಿಗಾಗಿ, 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಬೆಳಗಿತು. ದಪ್ಪ ಗಾಜಿನ ಒಳಗಿನ ತಿರುಳನ್ನು ತೆಗೆದು, ಬಾಗಿದ ಮೈಯನ್ನಷ್ಟೇ ಮೆಟ್ಟಿಲುಗಳಾಗಿ ಉಳಿಸಿಕೊಂಡರೂ ಬೆಳಕು ಅಷ್ಟೇ ಚೆನ್ನಾಗಿ ಬಾಗುತ್ತದೆ ಎಂಬುದು ಅವನ ಯೋಚನೆ. ಕಡಲಲ್ಲಿ ದಾರಿ ತಪ್ಪಿದವರಿಗೆಂದು ಮಾಡಿದ್ದು ಈಗ ದ್ರೌಪದಿಯ ಕಣ್ಣೀರಿನ ಮೇಲೆ ಬೀಳುತ್ತದೆ.

ಬೆಳದಿಂಗಳ ಸಂಗತಿ ಕೇಳಿ. ರಂಗದ ಮೇಲೆ ರಾತ್ರಿ ಎಂದರೆ ನೀಲಿ. ಮೇಲೂರಿನ ಲಾರಿಯಲ್ಲೂ ನೀಲಿ, ಲಂಡನ್ನಿನಲ್ಲೂ ನೀಲಿ. ಆದರೆ ಬೆಳದಿಂಗಳು ನೀಲಿಯಲ್ಲ! ಅದು ಚಂದ್ರನ ಮೈಮೇಲೆ ಬಿದ್ದು ಮರಳಿದ ಬಿಸಿಲು, ಅಳೆದು ನೋಡಿದರೆ ಬಿಸಿಲಿಗಿಂತ ಒಂದಿಷ್ಟು ಕೆಂಪಿನತ್ತಲೇ ವಾಲಿದೆ. ಬೆಳಕು ತೀರಾ ಕಡಿಮೆಯಾದಾಗ ನಮ್ಮ ಕಣ್ಣು ಕೆಂಪನ್ನು ಮೊದಲು ಕೈಬಿಡುತ್ತದೆ, ನೀಲಿಹಸಿರನ್ನು ಕೊನೆಯತನಕ ಹಿಡಿದಿರುತ್ತದೆ. ಹಾಗಾಗಿ ರಾತ್ರಿ ನಮಗೆ ನೀಲಿಯಾಗಿ ತೋರುತ್ತದೆ. ದೀಪದವನು ನೀಲಿ ಕಾಗದ ಹಚ್ಚಿದಾಗ ಅವನು ತೋರಿಸುತ್ತಿರುವುದು ಆಕಾಶವನ್ನಲ್ಲ, ನೋಡುವವರ ಕಣ್ಣನ್ನೇ ಅವರಿಗೆ ತೋರಿಸುತ್ತಿದ್ದಾನೆ. ಲಾರಿಯ ಹುಡುಗನಿಗೆ ಇದನ್ನು ಹೇಳಿದೆ. ಅವನು ಒಂದು ಗಳಿಗೆ ಮೇಲೆ ನೋಡಿ, “ನಿಜ ಅಣ್ಣಾ, ನಮ್ಮ ಹಿಪ್ಪುನೇರಳೆ ತೋಟಕ್ಕೆ ರಾತ್ರಿ ನೀರು ಬಿಡೋವಾಗ ಕೆಂಪು ಟವಲ್ಲು ಕರ್ರಗೆ ಕಾಣ್ತದೆ” ಎಂದ. ಪುರ್ಕಿಂಜೆ ಎಂಬ ವಿಜ್ಞಾನಿ 19ನೇ ಶತಮಾನದಲ್ಲಿ ಕೆಂಪು ಹೂಗಳನ್ನು ನೋಡಿ ಗುರುತಿಸಿದ್ದನ್ನು ಇವನು ಟವಲ್ಲಿನಲ್ಲಿ ಕಂಡಿದ್ದ.

ಅವನಿಗೆ ಮನೆಲೆಕ್ಕವೂ ಇತ್ತು. 1000 ವಾಟಿನ ಒಂದು ಹಳೇ ದೀಪ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಹತ್ತು ದೀಪಕ್ಕೆ ನಲವತ್ತು ದಾಟಿತು. ದೇವಸ್ಥಾನದ ಗೋಡೆಯ ಒಂದು ಸ್ವಿಚ್ಚಿನಿಂದ ಅಷ್ಟನ್ನೂ ಎಳೆದರೆ ವೈರು ಕರಗುತ್ತದೆ. ಫೇಸ್ ಯಾವುದು, ನ್ಯೂಟ್ರಲ್ ಯಾವುದು, ಅರ್ತ್ ನಿಜವಾಗಿ ನೆಲಕ್ಕೆ ಹೋಗಿದೆಯೋ ಇಲ್ಲವೋ, ಟೆಸ್ಟರ್ ಹಿಡಿಯದೆ ಯಾವುದನ್ನೂ ಮುಟ್ಟಬೇಡ. ನಾಟಕದವರೆಲ್ಲ ಗಣಪತಿ ಪೂಜೆ ಮಾಡಿದ ಮೇಲೆ ರಂಗ ಹತ್ತುತ್ತಾರೆ, ಇವನು ಟೆಸ್ಟರ್ ಹಿಡಿದ ಮೇಲೆ.

ಈಗ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು: ಸದ್ದು. ಬಯಲು ನಾಟಕದಲ್ಲಿ ದೂರದ ಮರಕ್ಕೆ ಒಂದು ಹಾರ್ನ್ ಕಟ್ಟಿರುತ್ತಾರೆ, ಬೀದಿಯ ಕೊನೆಯವರಿಗೂ ಕೇಳಲೆಂದು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ತಂತಿಯಲ್ಲಿ ಓಡುವ ಕರೆಂಟಿಗೆ ಹೊತ್ತೇ ಬೇಡ. ರಂಗದಿಂದ ನೂರು ಮೀಟರು ದೂರದ ಆ ಮರದ ಕೆಳಗೆ ಕೂತವನಿಗೆ ಕೃಷ್ಣನ ಮಾತು ಮೊದಲು ತಲೆಯ ಮೇಲಿನ ಹಾರ್ನಿನಿಂದ ಬರುತ್ತದೆ, ಸೆಕೆಂಡಿನ ಹತ್ತಿರಹತ್ತಿರ ಮೂರನೇ ಒಂದು ಭಾಗ ಕಳೆದು ರಂಗದಿಂದ ಇನ್ನೊಮ್ಮೆ ಬರುತ್ತದೆ. ಒಬ್ಬ ಕೃಷ್ಣ ಮರದಲ್ಲಿ, ಇನ್ನೊಬ್ಬ ರಂಗದಲ್ಲಿ! ದೊಡ್ಡ ಬಯಲು ರಂಗಗಳಲ್ಲಿ ಇದಕ್ಕೆ ಮದ್ದು ಮಾಡುತ್ತಾರೆ. ದೂರದ ಸ್ಪೀಕರಿಗೆ ಹೋಗುವ ಸದ್ದನ್ನು ಬೇಕೆಂದೇ ತಡೆಹಿಡಿದು, ರಂಗದ ದನಿ ಗಾಳಿಯಲ್ಲಿ ನಡೆದು ಅಲ್ಲಿಗೆ ತಲುಪುವ ಹೊತ್ತಿಗೆ ಸರಿಯಾಗಿ ಬಿಡುತ್ತಾರೆ. ಅಷ್ಟೇ ಆಗಿದ್ದರೆ ಅದು ಬರೀ ಗಣಿತ. 1949ರಲ್ಲಿ ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕ ಕಿವಿಯ ಒಂದು ಗುಟ್ಟನ್ನು ಅಳೆದು ತೋರಿಸಿದ. ಒಂದೇ ಸದ್ದು ಎರಡು ಕಡೆಯಿಂದ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ, ಕಿವಿ ಮೊದಲು ಬಂದ ದಿಕ್ಕನ್ನೇ ನಂಬುತ್ತದೆ. ಎರಡನೆಯದು ಅದಕ್ಕಿಂತ ಜೋರಾಗಿದ್ದರೂ ಸರಿ! ಹಾಗಾಗಿ ಸದ್ದಿನವನು ಸ್ಪೀಕರನ್ನು ಲೆಕ್ಕಕ್ಕಿಂತ ಹತ್ತಿಪ್ಪತ್ತು ಮಿಲಿಸೆಕೆಂಡು ಹೆಚ್ಚೇ ತಡ ಮಾಡುತ್ತಾನೆ. ಕೇಳುವವನ ಕಿವಿ ತುಂಬುವುದು ಪಕ್ಕದ ಸ್ಪೀಕರು, ಅವನು ಕಣ್ಣು ನೆಟ್ಟು ನಂಬುವುದು ದೂರದ ನಟನ ಬಾಯಿ. ಸ್ಪೀಕರು ಅಲ್ಲಿಯೇ ಇದ್ದರೂ ಇಲ್ಲದಂತಾಗುತ್ತದೆ. ಇದನ್ನು ಲಾರಿಯ ಮಾಲೀಕರಿಗೆ ಹುರುಪಿನಿಂದ ವಿವರಿಸಿದೆ. ಅವರು ಎಲೆ ಅಡಿಕೆ ಮೆಲ್ಲುತ್ತಾ, “ಅದಕ್ಕೇ ನೋಡಿ, ಮರದ ಹಾರ್ನನ್ನ ಊರ ಕಡೆ ಮುಖ ಮಾಡಿ ಕಟ್ಟೋದು, ರಂಗದ ಕಡೆ ತಿರುಗಿಸಿದ್ರೆ ಹುಡುಗರು ಪದ್ಯದ ತಾಳ ತಪ್ತಾರೆ” ಎಂದರು. ನನಗೆ ಬಾಯಿ ಕಟ್ಟಿತು.

ಹೊಸ ಯಂತ್ರಗಳೂ ಕಡಿಮೆ ಅಚ್ಚರಿಯವಲ್ಲ. ಇಂದಿನ ರಂಗಮಂದಿರದ ಲೈಟ್ ಬೋರ್ಡಿನಿಂದ ಹೊರಡುವ ಬೆರಳುಗಾತ್ರದ ಒಂದೇ ತಂತಿಯಲ್ಲಿ 512 ಬೇರೆ ಬೇರೆ ಆಜ್ಞೆಗಳು ಹರಿಯುತ್ತವೆ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರು ರೂಪಿಸಿದ ಆ ಪದ್ಧತಿಯ ಹೆಸರೇ ಡಿಎಂಎಕ್ಸ್ 512. ಒಂದೊಂದು ಆಜ್ಞೆಗೂ ಸೊನ್ನೆಯಿಂದ 255ರವರೆಗೆ ಮೆಟ್ಟಿಲು, ಇಡೀ ಸಾಲು ಸೆಕೆಂಡಿಗೆ 44 ಬಾರಿಯವರೆಗೆ ಮತ್ತೆ ಮತ್ತೆ ಓಡುತ್ತದೆ. ಶಿಡ್ಲಘಟ್ಟದ ರೀಲರುಗಳ ಮುಂದೆ ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಹಲವು ಎಳೆ ಎದ್ದು ಒಂದು ನೂಲಾಗುತ್ತವಲ್ಲ, ಇಲ್ಲಿ ಅದು ತಿರುವುಮುರುವು: ಒಂದೇ ನೂಲು ಹೋಗಿ ನೂರಾರು ದೀಪಗಳಲ್ಲಿ ಬಿಡಿಬಿಡಿ ಎಳೆಯಾಗುತ್ತದೆ. ಆದರೂ ಬೋರ್ಡಿನ ಮುಂದೆ ಕೂತವನು ಮಾಡುವ ಕೆಲಸ ಲಾರಿಯ ಹುಡುಗನದೇ. ‘ರೆಡಿ’ ಎಂದೊಡನೆ ಉಸಿರು ಹಿಡಿಯಬೇಕು, ‘ಗೋ’ ಎಂದೊಡನೆ ಬಿಡಬೇಕು. ನಟ ಮಾತು ಮರೆತು ಎರಡು ಪುಟ ಹಾರಿದರೆ ಇವನ ಬೆರಳೂ ಎರಡು ಪುಟ ಹಾರಬೇಕು, ಎದುರಿಗಿರುವವರಿಗೆ ತಿಳಿಯದಂತೆ.

ಹೀಗೆ ಕಲಿಯಬೇಕೆನ್ನುವವರಿಗೆ ಕರ್ನಾಟಕದಲ್ಲಿ ಕಾಲೇಜಿಲ್ಲ ಎಂದರೆ ಸುಳ್ಳಾಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಹಳ್ಳಿಯಲ್ಲಿ 1949ರಲ್ಲಿ ಶುರುವಾದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ನಟನೆ ಕಲಿಯಲು ಬಂದವರೂ ಹಲಗೆ ಹೊರುತ್ತಾರೆ, ದೀಪದ ಏಣಿ ಹತ್ತುತ್ತಾರೆ. 1985ರಿಂದ ಅವರ ತಿರುಗಾಟ ತಂಡ ರಂಗಸಜ್ಜಿಕೆ, ದೀಪಗಳನ್ನೆಲ್ಲ ಜತೆಗೇ ಕಟ್ಟಿಕೊಂಡು ಊರೂರು ಸುತ್ತುತ್ತಿದೆ. ಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವಿನ ಹಳ್ಳಿಗೆ ಲೋಕವೇ ಬಂತು ಎಂದು ಎಲ್ಲರೂ ಹೊಗಳಿದರು. ನನಗೆ ಮಾತ್ರ ಆ ತಿರುಗಾಟದ ವಾಹನದಲ್ಲಿ ನಮ್ಮ ಸೀನರಿ ಲಾರಿಯ ದಾಯಾದಿ ಕಾಣುತ್ತಾನೆ. ಮೈಸೂರಿನ ರಂಗಾಯಣದಲ್ಲೂ ಒಂದು ರಂಗಶಿಕ್ಷಣ ಕೇಂದ್ರವಿದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ತಡವಾಗಿ ಬಂದವರು ಗೊಣಗುವುದುಂಟು. ದೀಪದ ಬೋರ್ಡಿನ ಹಿಂದೆ ಕೂತವರನ್ನು ಕೇಳಿ, ಆ ನಿಯಮಕ್ಕೆ ಕೈಮುಗಿಯುತ್ತಾರೆ. ಬಾಗಿಲು ತೆರೆದು ನುಗ್ಗುವ ಒಂದು ಗೀರು ಬೆಳಕು ಸಾಕು, ಅವರು ಹತ್ತು ನಿಮಿಷದಿಂದ ಕಟ್ಟಿದ ಕತ್ತಲೆ ಒಡೆಯಲು.

2010ರಲ್ಲಿ ರಂಗಾಯಣ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ಆಡಿತಲ್ಲ, ಅದರ ಒಂಬತ್ತು ಗಂಟೆಯ ಉದ್ದವನ್ನು ಎಲ್ಲರೂ ಮಾತಾಡಿದರು. ಬಯಲಲ್ಲಿ ನಾಲ್ಕು ರಂಗ, ಜನ ಒಂದರಿಂದ ಇನ್ನೊಂದಕ್ಕೆ ಎದ್ದು ನಡೆದರು. ಅವರು ನಡೆದು ಮುಗಿಸುವಷ್ಟರಲ್ಲಿ ಕೇಬಲ್ಲು ಎಡವದಂತೆ, ಬಿಟ್ಟು ಬಂದ ರಂಗ ಕತ್ತಲಾಗುವಂತೆ, ಹೋಗುವ ರಂಗ ಬೆಳಗುವಂತೆ, ಮರದ ಹಿಂದೆ ಮಂಜು ಏಳುವಂತೆ ನೋಡಿಕೊಂಡವರ ರಾತ್ರಿಯನ್ನು ಒಮ್ಮೆ ಊಹಿಸಿ!

ಒಂದು ಗೊಣಗಾಟ ಹೇಳಲೇಬೇಕು. ಸೀನರಿ ಲಾರಿಯಲ್ಲಿ ಒಬ್ಬ ಹುಡುಗಿಯನ್ನೂ ನಾನು ಕಂಡಿಲ್ಲ. ಹೆಗ್ಗೋಡಿನಲ್ಲಿ ಹುಡುಗಿಯರು ಏಣಿ ಹತ್ತಿ ದೀಪ ಕಟ್ಟುತ್ತಾರೆ. ಹುಳುವಿನ ಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕುವ, ಶಾಖ ಹೆಚ್ಚಿತೋ ಕಡಿಮೆಯಾಯಿತೋ ಎಂದು ಮೈಯಲ್ಲೇ ಅಳೆಯುವ ಈ ಊರುಗಳ ಹೆಣ್ಣುಮಕ್ಕಳಿಗೆ ಒಂದು ಡಿಮ್ಮರ್ ಹಿಡಿಯಲು ಬಾರದೇ? ನಾಟಕದ ದ್ರೌಪದಿಯನ್ನು ದೂರದೂರಿಂದ ಸಂಭಾವನೆ ಕೊಟ್ಟು ಕರೆಸುವ ಊರಿಗೆ ಈ ಪ್ರಶ್ನೆ ಇನ್ನೂ ಬಿದ್ದಿಲ್ಲ.

ಮತ್ತೆ ಹೊಗಳಿಕೆ ಒಂದು. ನಗರದ ನಾಟಕದ ಕರಪತ್ರದಲ್ಲಿ ಬೆಳಕಿನವರ ಹೆಸರು ಹುಡುಕಲು ಕನ್ನಡಕ ಬೇಕು. ನಮ್ಮ ಹಳ್ಳಿಯ ನಾಟಕದ ಗೋಡೆ ಪೋಸ್ಟರಿನಲ್ಲಿ ಡ್ರಾಮಾ ಸೀನರಿಯವರ ಹೆಸರು ಹರ್ಮೋನಿಯಂ ಮೇಷ್ಟ್ರ ಹೆಸರಿನ ಮಗ್ಗುಲಲ್ಲೇ, ದಪ್ಪಕ್ಷರದಲ್ಲಿ, ಊರಿನ ಹೆಸರಿನ ಸಮೇತ ಇರುತ್ತದೆ. ಯಾವ ನಾಟಕಕ್ಕೆ ಯಾವ ಸೀನರಿ ಬರುತ್ತದೆಂದು ನೋಡಿಯೇ ಜನ ಚಾಪೆ ಹಿಡಿದು ಹೊರಡುವುದುಂಟು. ಲಾರಿಯ ಹುಡುಗನ ಹೆಸರು ಇನ್ನೂ ಅದರಲ್ಲಿ ಹತ್ತಿಲ್ಲ, ಅದು ಬೇರೆ ಮಾತು.

ಬೆಳಗಿನ ಜಾವ ಮಂಗಳಾರತಿ ಮುಗಿದು ಧರ್ಮರಾಯ ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಹುಡುಗ ಹಸ್ತಿನಾಪುರವನ್ನು ಸುರುಳಿ ಸುತ್ತುತ್ತಿದ್ದ. ನಾನು ಹೇಳಿದ್ದ ಹೆಗ್ಗೋಡಿನ ಮಾತು ಅವನ ತಲೆಯಲ್ಲಿ ಉಳಿದಿತ್ತು.

“ಅಣ್ಣಾ, ಅಲ್ಲಿ ಹಗ್ಗ ಎಳೆಸ್ತಾರಾ, ಬರೀ ಪಾಠಾನಾ?”

“ಎರಡೂ. ಬೆಂಗಳೂರಿಂದ ಸಾಗರಕ್ಕೆ ರಾತ್ರಿ ರೈಲಿದೆ.”

ಅವನು ಮಾಲೀಕರ ಕಡೆ ನೋಡಿದ. ಅವರು ಕಂಬ ಎಣಿಸುತ್ತಾ, ತಿರುಗಿ ನೋಡದೆ ಹೇಳಿದರು: “ಹೋಗೋ, ಬೇಡ ಅಂದೋರ್ಯಾರು? ಶಿವರಾತ್ರಿ ಸೀಸನ್ ಮುಗಿಸ್ಕೊಂಡು ಹೋಗು. ಚಿಂತಾಮಣಿ ಕಡೆ ನಾಲ್ಕು ನಾಟಕ ಒಪ್ಕೊಂಡಿದೀನಿ.”